ಅಂಗಡಿ ಹತ್ತಿರ ಬಾಗಿದ ಗೆರೆ

ಅಂಗಡಿಯಿಂದ,
ಶುಕ್ರವಾರ, ಜೂನ್ ೧೪

ಪ್ರೀತಿಯ ಪೆನ್ಸಿಲ್‌ಗೆ, ಅಕ್ಕನ ಆಶೀರ್ವಾದಗಳು.

ತಲೆ ನರೆತ ನಕ್ಷೆಗಾರನನ್ನು ಇನ್ನೂ ಹೀಗೆ ಕರೆಯುತ್ತೇನೆಂದು ಮುನಿಯಬೇಡ. ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ ಕದ್ದು ಅಂಗಡಿಯ ನೆಲದ ತುಂಬ ರಸ್ತೆ ಬರೆದವನಲ್ಲವೇ ನೀನು.

ಗಿರಣಿ ಮುಚ್ಚಿದ ಮೇಲೆ ನಿಮ್ಮ ಆಫೀಸು ಈ ಬಡಾವಣೆಯನ್ನು ಹೊಸದಾಗಿ ಕಟ್ಟಲು ಹೊರಟಿತು. ಊರು ಹೇಗಿರಬೇಕೆಂದು ಇಲ್ಲಿರುವವರೂ ಹೇಳಬೇಕಲ್ಲ ಎಂದು ನಾವು ಸಂಘ ಮಾಡಿಕೊಂಡು ಎಂಟು ಭಾನುವಾರ ಶಾಲೆಯ ಹಾಲಿನಲ್ಲಿ ಕೂತೆವು. ಗಿರಣಿಯ ಹಳೇ ವಾಚ್‌ಮನ್, ಯಾಕಿಲ್ಲಿ ಕೂತಿದ್ದೀಯ ಅಂತ ಯಾರೂ ಕೇಳದ ಒಂದು ಬೆಂಚು ಸಾಕಪ್ಪ ಅಂದರು. ನರ್ಸಮ್ಮ ಮಾತ್ರ ಪಟ್ಟು ಬಿಡಲಿಲ್ಲ. ಬಸ್‌ಸ್ಟಾಪಿನಿಂದ ಆಸ್ಪತ್ರೆಯವರೆಗೆ ತನ್ನ ಗಂಡನ ಗಾಲಿಕುರ್ಚಿ ಎಲ್ಲೂ ರಸ್ತೆಗಿಳಿಯದೆ ಹೋಗುವಂಥ ನೇರ ಫುಟ್‌ಪಾತ್ ಬೇಕೇ ಬೇಕು ಅಂದಳು. ನನ್ನ ಟೇಪು ಹಿಡಿದೇ ಬೀದಿ ಅಳೆದೆವು. ಫುಟ್‌ಪಾತಿನ ಎರಡೂ ಬದಿಗೆ ಒಂದೊಂದು ಗೇಣು ಜಾಸ್ತಿ ಬಿಡಿಸಿದವಳು ನಾನು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಮಡಿಸಿ ಬಿಡುತ್ತೇವಲ್ಲ, ಹಾಗೆ. ನಿನ್ನ ಒಂದೇ ಚಡ್ಡಿಯ ಮಡಿಕೆ ಬಿಚ್ಚಿ ಬಿಚ್ಚಿ ಮೂರು ವರ್ಷ ಹಾಕಿಸಿದ್ದೆ, ಮರೆತೆಯಾ?

ಈ ಫುಟ್‌ಪಾತಿಗೆ ಮೂರು ಅಂಗಡಿ ಹೋಗಬೇಕು: ಸಲೂನು, ಚಪ್ಪಲಿ ರಿಪೇರಿ, ನಡುವೆ ನನ್ನದು. ಅವರಿಬ್ಬರನ್ನೂ ಒಪ್ಪಿಸಿದ್ದು ನಾನೇ.

ನಿನ್ನೆ ನಿನ್ನ ಕೈಯ ನಕ್ಷೆ ನೋಡಿದೆ. ಫುಟ್‌ಪಾತ್ ಕೋಲಿನಂತೆ ನೇರ ಬಂದು, ನನ್ನ ಅಂಗಡಿಯ ಹತ್ತಿರ ಮಾತ್ರ ಸಣ್ಣಗೆ ಸೊಂಟ ತಿರುಗಿಸಿ, ಅರ್ಧಕ್ಕರ್ಧ ಕಿರಿದಾಗಿ, ಮತ್ತೆ ನೇರ ಹೋಗುತ್ತದೆ. ಅವರಿಬ್ಬರದೂ ಹೋಯಿತು, ನನ್ನದು ಉಳಿಯಿತು.

ಅದು ಕೈತಪ್ಪಲ್ಲ, ನನಗೆ ಗೊತ್ತು. ಅಕ್ಕನ ಹೊಟ್ಟೆ ಮೇಲೆ ಹೊಡೆಯಲಾರದೆ ಬಾಗಿಸಿದ್ದೀಯ. ಕಂಡು ಕಣ್ಣು ತುಂಬಿತು. ಆದರೂ ಅಳಿಸು. ಅಲ್ಲಿಗೆ ಬಂದಾಗ ನರ್ಸಮ್ಮನ ಗಂಡ ಬಸ್ಸುಗಳ ನಡುವೆ ಇಳಿಯಬೇಕಾಗುತ್ತದೆ. ಸಲೂನಿನವರ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ಓಡಾಡಲಿ? ಹೊಲಿಗೆ ಸೊಟ್ಟ ಹೋದರೆ ಬಿಚ್ಚಿ ಹೊಲಿಯುತ್ತೇವೆ, ಅಷ್ಟೇ. ಸೋಮವಾರ ಸಾರ್ವಜನಿಕ ಸಭೆ. ನೀನು ತಿದ್ದದಿದ್ದರೆ ಮೊದಲ ಆಕ್ಷೇಪ ನನ್ನದೇ. ವೇದಿಕೆ ಮೇಲೆ ತಮ್ಮ ಕೂತಿದ್ದಾನೆಂದು ಸುಮ್ಮನಿರುವವಳಲ್ಲ ನಾನು.

ಮಿಷನ್ನನ್ನು ಮನೆಯ ಕಿಟಕಿಗೆ ಹಾಕಿಕೊಳ್ಳುತ್ತೇನೆ. ಗಿರಾಕಿಗಳು ಎರಡು ಮಹಡಿ ಹತ್ತಿ ಬಂದಾರು. ಬರದಿದ್ದರೆ ಆಮೇಲೆ ನೋಡೋಣ.

ನಿನ್ನ,
ಟೇಪಕ್ಕ

ಸಹಿ ಹಾಕಿದ ಮೇಲೆ: ನಿನ್ನೆ ನೋಡಿದೆ ಅಂತ ಬರೆದದ್ದು ಸುಳ್ಳು. ಆ ಬಾಗು ಕಂಡು ಹದಿನೈದು ದಿನವಾಯಿತು. ಅಷ್ಟು ದಿನವೂ ಬಾಯಿ ಹೊಲಿದುಕೊಂಡು ಒಳಗೊಳಗೇ ಖುಷಿಪಟ್ಟೆ. ಶಟರಿಗೆ ಹೊಸ ಬಣ್ಣವನ್ನೂ ಹೊಡೆಸಿಬಿಟ್ಟೆ. ಅದಕ್ಕೇ ಹೇಳುತ್ತೇನೆ, ಈ ಕಾಗದ ಸಿಕ್ಕ ಕೂಡಲೇ ಅಳಿಸು, ಪೆನ್ಸಿಲ್. ತಡ ಮಾಡಿದರೆ, ಅಳಿಸಬೇಡ ಅಂತ ನಾನೇ ಬಂದು ನಿನ್ನ ಕೈ ಹಿಡಿದೇನು.