ಕೂರಬಾರದ ಕುರ್ಚಿಗಳ ಅಂಗಡಿ

ಗುರುವಾರ, ಹದಿನಾಲ್ಕನೇ ತಾರೀಖು

ಮನೆಯ ಯಜಮಾನಿಯವರಿಗೆ,

ಇಲ್ಲಿ ಅಪ್ಪ ಮಗಳು ಇಬ್ಬರೂ ಕ್ಷೇಮ. ಅವಳ ಕೆಮ್ಮು ಹೋಯಿತು, ಗಣಿತ ಇನ್ನೂ ಬಂದಿಲ್ಲ. ಸೋಮವಾರವೇ ಬರೆಯಬೇಕಿತ್ತು, ಮೂರು ದಿನ ತಡವಾಯಿತು, ಬೈದುಕೊ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನರ್ಸಮ್ಮ, ನಾನು ಎರಡು ಮಾತಾಡುವಷ್ಟರಲ್ಲಿ ರೋಗ ಯಾವುದೆಂದು ಕಂಡುಹಿಡಿದುಬಿಡುತ್ತೀಯ. ಕಾಗದದಲ್ಲಾದರೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ.

ಸಂದರ್ಶನಕ್ಕೆ ಹೋಗಿಬಂದೆ. ಗಾಜಿನ ಕಾರ್ಖಾನೆ ಬಾಗಿಲು ಹಾಕಿ ಎಂಟು ತಿಂಗಳಾದ ಮೇಲೆ ನನ್ನನ್ನು ಕರೆದ ಮೊದಲ ಜಾಗ. ದೊಡ್ಡ ಫರ್ನಿಚರ್ ಅಂಗಡಿ, ಗೋದಾಮು ನೋಡಿಕೊಳ್ಳುವ ಕೆಲಸ. ಅದು ಸಿಕ್ಕರೆ ನೀನು ಆ ದೂರದ ಆಸ್ಪತ್ರೆ ಬಿಟ್ಟು ಮನೆಗೆ ಬರುವುದೆಂದು ಮಾತಾಗಿತ್ತಲ್ಲ, ಅದಕ್ಕೇ ಶರ್ಟಿಗೆ ಎರಡೆರಡು ಸಲ ಇಸ್ತ್ರಿ ಹಾಕಿದ್ದೆ.

ಒಳಗೆ ಇನ್ನೂರು ಕುರ್ಚಿಗಳಾದರೂ ಇರಬೇಕು, ಕೂತವರು ಒಬ್ಬರೂ ಇಲ್ಲ. ಕೆಲಸದವರೆಲ್ಲ ಯಾವ ಬೀರುವಿಗೂ ಒರಗದಂತೆ ಎಚ್ಚರದಿಂದ ನಿಂತಿದ್ದರು. ನಾನು ಒಂದು ಸೋಫಾದ ತುದಿಯಲ್ಲಿ ಕೂತೆನೋ ಇಲ್ಲವೋ, ನರೆತ ಮೀಸೆಯ ಸೇಲ್ಸ್‌ಮನ್ ಒಬ್ಬರು ಓಡಿ ಬಂದರು.

"ಏಳಿ ಸಾರ್, ಏಳಿ. ಕೂತ್ರೆ ಸವೆಯುತ್ತೆ ಅಂತಾರೆ ಯಜಮಾನ್ರು."

ಅವರು ಅಲ್ಲಿ ಸೇರಿ ಹನ್ನೊಂದು ವರ್ಷವಂತೆ. ಊಟ ಹೇಗೆ ಮಾಡುತ್ತೀರಿ ಎಂದು ಕೇಳಿದೆ. "ನಿಂತ್ಕೊಂಡೇ. ಈಗ ಮನೇಲೂ ನಿಂತ್ಕೊಂಡೇ ಉಣ್ತೀನಿ, ಹೆಂಡ್ತಿ ಬೈತಾಳೆ," ಎಂದವರು ದನಿ ತಗ್ಗಿಸಿದರು. "ಈ ಕೆಲ್ಸಕ್ಕೆ ಈ ವರ್ಷ ನಾಲ್ಕು ಜನ ಬಂದು ಹೋದ್ರು. ನಾನು ಹೇಳ್ದೆ ಅಂತ ಹೇಳ್ಬೇಡಿ."

ಅಷ್ಟರಲ್ಲಿ ಯಜಮಾನರು ಬಂದರು. "ಅಯ್ಯೋ, ನಿಂತೇ ಇದ್ದೀರಲ್ಲ. ಕೂತ್ಕೊಳ್ಳಿ ಕೂತ್ಕೊಳ್ಳಿ, ಇವತ್ತು ನೀವು ಅತಿಥಿ." ಆ 'ಇವತ್ತು' ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನಮ್ಮದು ಕಂಪನಿಯಲ್ಲ, ಕುಟುಂಬ ಎಂದು ಶುರುಮಾಡಿದರು. ಕೆಲಸ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿದೆ. "ಮನೇಲಿ ಯಾರಾದ್ರೂ ಟೈಮ್ ಕೇಳ್ತಾರಾ?" ವಾರದ ರಜೆ? "ಮನೆಗೇ ರಜ ಹಾಕ್ತಾರಾ?" ಸಂಬಳದ ವಿಷಯ ಕೇಳಲೇ ಇಲ್ಲ. ಇಷ್ಟು ಹತ್ತಿರದ ನೆಂಟರ ಬಳಿ ಅದನ್ನು ಎತ್ತುವುದು ಹೇಗೆ ಹೇಳು.

ಇನ್ನು ನನ್ನ ಪಾಡು ಕೇಳು. ಗಿರಾಕಿಯೊಬ್ಬ ಬಂದು ನಾನು ಕೂತಿದ್ದ ಸೋಫಾವನ್ನೇ ಕೇಳಿದ. ಯಜಮಾನರು ಕಣ್ಸನ್ನೆಯಲ್ಲೇ ನನ್ನನ್ನು ಎಬ್ಬಿಸಿ ಒಂದು ಸ್ಟೂಲಿಗೆ ಅಟ್ಟಿದರು. ಸ್ಟೂಲೂ ವ್ಯಾಪಾರವಾಯಿತು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಒಂದು ಮಂಚದ ಅಂಚು. ಅಲ್ಲಿಗೂ ಒಬ್ಬ ಅಜ್ಜಿ ಬಂದು, "ಕಿರ್ ಅನ್ನಲ್ಲ ತಾನೇ?" ಎಂದು ವಿಚಾರಿಸಿದರು. ಯಜಮಾನರು ನನ್ನ ಕಡೆ ತಿರುಗಿ, "ಸ್ವಲ್ಪ ಮಲಗಿ ತೋರ್ಸಿ," ಎಂದರು.

ಮಲಗಿದೆ ಮಾರಾಯ್ತಿ. ಶೂ ಬಿಚ್ಚಿದರೆ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಸರ್ಟಿಫಿಕೇಟುಗಳ ಫೈಲನ್ನು ಎದೆಯ ಮೇಲಿಟ್ಟುಕೊಂಡು ಉದ್ದಕ್ಕೆ ಮಲಗಿದೆ. ಆ ಹೊತ್ತೂ ದಂಡವಾಗಬಾರದೆಂದು ಯಜಮಾನರು, "ನಿಮ್ಮಲ್ಲಿರೋ ದೌರ್ಬಲ್ಯ ಏನು?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, "ಆ ಕಡೆ ಹೊರಳಪ್ಪ," ಎಂದರು. ಹೊರಳಿದೆ. ಯಾರು ಏನು ಹೇಳಿದರೂ ಇಲ್ಲವೆನ್ನಲು ನನಗೆ ಬರುವುದಿಲ್ಲ ಎಂದು ಗೋಡೆಗೆ ಉತ್ತರ ಕೊಟ್ಟೆ. ಮಂಚ ಕಿರ್ ಎನ್ನಲಿಲ್ಲ, ಅಜ್ಜಿ ಕೊಂಡುಕೊಂಡರು.

ಅಲ್ಲಿಗೆ ನನಗೂ ಸಾಕಾಯಿತು. ಎದ್ದು ಶೂ ಹಾಕಿಕೊಂಡು, "ಸಾರ್, ನಂಗೆ ಮನೇಲಿ ಒಂದು ಕುಟುಂಬ ಇದೆ, ಇನ್ನೊಂದು ಬೇಡ," ಎಂದು ಹೇಳಿ ತಲೆಯೆತ್ತಿ ಬಂದುಬಿಟ್ಟೆ. ಅಂಥ ಕಡೆ ಸಿಕ್ಕಿಹಾಕಿಕೊಳ್ಳದೆ ಬಚಾವಾದದ್ದು ದೊಡ್ಡದು. ಇಂಥದ್ದು ಇನ್ನೊಂದು ಬಂದೇ ಬರುತ್ತದೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಅಲ್ಲಿ ಪಾಳಿಯ ಮೇಲೆ ಪಾಳಿ ಒಪ್ಪಿಕೊಂಡು ಸೊರಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆ ಮಾಡು. ನೀನು ತಣ್ಣಗಿದ್ದರೆ ನಾವೂ ತಣ್ಣಗಿರುತ್ತೇವೆ.

ಇಂತು ನಿನ್ನ,
ಮನೆ ಕಾಯುವವನು

ತಾ. ಕ.: ಕುಟುಂಬದ ಆ ಮಾತು ನನಗೆ ಹೊಳೆದದ್ದು ಬಸ್ ಸ್ಟಾಪಿನಲ್ಲಿ. ಅಂಗಡಿಯಲ್ಲಿ ನಾನು ಹೇಳಿದ್ದು, "ದಿನಪೂರ್ತಿ ನಿಂತ್ಕೊಳ್ಳೋಕೆ ನಂಗೇನೂ ತೊಂದ್ರೆ ಇಲ್ಲ ಸಾರ್," ಎಂದು. ಎರಡು ಸಲ ಹೇಳಿದೆ, ಆ ಅಜ್ಜಿಯ ಎದುರಿಗೇ. "ನಿಮ್ಮ ವಯಸ್ಸಿಗೆ ಕಾಲು ತಡೆಯಲ್ಲ ಬಿಡಿ," ಎಂದು ಯಜಮಾನರು ಸಂದರ್ಶನಕ್ಕೆ ಮುಂದಿನವನನ್ನು ಕರೆದರು. ನೀನು ನಗಲಿ ಎಂದು ಇಷ್ಟುದ್ದ ಬರೆದೆ. ಅಮ್ಮ ಬರುತ್ತಾಳೆಂದು ಮಗಳಿಗೆ ಮೊದಲೇ ಹೇಳಿಬಿಟ್ಟಿದ್ದೆ, ತಪ್ಪು ನನ್ನದು. ಅವಳು ಬೀರುವಿನಲ್ಲಿದ್ದ ತನ್ನ ಪುಸ್ತಕಗಳನ್ನೆಲ್ಲ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನಿನ್ನ ಬಟ್ಟೆಗಳಿಗೆ ಜಾಗ ಮಾಡಿದ್ದಾಳೆ. ಪುಸ್ತಕಗಳು ಮೂರು ದಿನದಿಂದ ನೆಲದ ಮೇಲಿವೆ. ಮತ್ತೆ ಮೇಲಿಡು ಎಂದು ಹೇಳಲು ನನ್ನಿಂದ ಆಗುತ್ತಿಲ್ಲ. ನೀನೇ ಅವಳಿಗೆ ಒಂದು ಸಾಲು ಬರೆ.