ನೀರು ಬೇಡದ ಔಷಧ

ಮಸ್ಕಿ, 12 ಜನವರಿ 1994

ಔಷಧ ವಿಜ್ಞಾನ ಕಾಲೇಜಿನ ಪ್ರಾಚಾರ್ಯರೇ,

ಪ್ರಯೋಗಾಲಯದ ಕೀಲಿ ಕೊಡುತ್ತೇನೆಂದಿರಿ, ಕೊಡಲಿಲ್ಲ. ತಕ್ಕಡಿ ಕೊಡುತ್ತೇನೆಂದಿರಿ, ಅದೂ ಇಲ್ಲ. "ಗಂಜಿ ಕಾಸೋರಿಗೆ ಲ್ಯಾಬ್ ಯಾಕ್ ಬೇಕವ್ವಾ?" ಎಂದು ನಿಮ್ಮ ಅಟೆಂಡರ್ ನಕ್ಕ, ನೀವೂ ನಕ್ಕಿರಿ.

ಹೌದು, ಸಿಂಧನೂರಿನ ಅಕ್ಕಿಯ ಗಂಜಿಯನ್ನೇ ಕಾಸಿದೆ. ಹೋದ ವರ್ಷ ಕಳೆ ಕೀಳುವಾಗ ಅವ್ವನಿಗೆ ದಮ್ಮು ಬಂತು. ಗದ್ದೆಯ ಒಡೆಯರ ನೀರಿನ ಕೊಡವನ್ನು ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ. ಮಾತ್ರೆ ಬಾಯಲ್ಲಿಟ್ಟುಕೊಂಡು, ಅವರು ಯಾರಾದರೂ ಬಂದು ನೀರು ಹೊಯ್ಯಲೆಂದು ಅವಳು ಕಾದಳು. ಅದಕ್ಕೇ ನಾಲಿಗೆಯ ಮೇಲೆ ತಾನೇ ಕರಗುವ ಔಷಧದ ಹಾಳೆ ಮಾಡಲು ಹೊರಟೆ.

ಔಷಧ ಬೆರೆಸದ ಮೊದಲ ಹಾಳೆ ಅವ್ವನ ಅಂಗುಳಕ್ಕೆ ಅಂಟಿತು. "ಬಾಯಿಗೆ ಅಂಗಿ ಹೊಲಿದಿಯೇನ್ ಬೇ? ಗಂಜಿ ದಪ್ಪ ಆಗೇತಿ. ತಿಳೀದು ಬಸಿ, ಎಣ್ಣಿ ಹಚ್ಚಿದ ತಾಟಿನ್ಯಾಗ ತೆಳ್ಳಗ ಹೊಯ್ಯಿ" ಎಂದಳು. ಹಾಗೇ ಮಾಡಿದೆ. ಹಾಳೆ ಉಳ್ಳಾಗಡ್ಡಿ ಸಿಪ್ಪೆಯಂತೆ ಎದ್ದು ಬಂತು. ಇಪ್ಪತ್ತು ಎಣಿಸುವುದರೊಳಗೆ ಅವಳ ಬಾಯಲ್ಲಿ ಕರಗಿತು.

ಇನ್ನು ಔಷಧವನ್ನು ಅಳೆದು ಬೆರೆಸಬೇಕು. ಅದು ಒಲೆಯ ಮುಂದಿನ ಕೆಲಸವಲ್ಲ. ಕೀಲಿ ಬೇಕು, ತಕ್ಕಡಿ ಬೇಕು. ನೀರು ಬೇಡದ ಔಷಧ ಮಾಡುತ್ತೇನೆಂದರೆ ನೀರಿನ ಹಕ್ಕು ಬಿಟ್ಟೆವೆಂದು ತಿಳಿಯಬೇಡಿ.

ಅವ್ವನೂ ನಾನೂ ತಾಟು ಹಿಡಿದು ಬರುತ್ತೇವೆ. ತಾಟಿನಿಂದ ಎದ್ದ ಮೊದಲ ಹಾಳೆ ನಿಮ್ಮ ನಾಲಿಗೆಗೆ, ಇಪ್ಪತ್ತು ಎಣಿಸುವವಳು ಅವ್ವ. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ನಿಮ್ಮ ಕೋಣೆಯಲ್ಲಿ.

ನಿಮ್ಮ ವಿದ್ಯಾರ್ಥಿನಿ,
ಜೋಗಮ್ಮ