ಒಂದೇ ಸಲ ಕೇಳಿದವಳಿಗೆ

ಆಸ್ಪತ್ರೆಯ ಕಟ್ಟಡ ವಿಭಾಗ, ನೆಲಮಾಳಿಗೆ
ಮಾರ್ಚ್ ೧೪, ಗುರುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ವೃದ್ಧಾಶ್ರಮದ ಅಜ್ಜ ಅಜ್ಜಿಯರ ಮೊಣಕಾಲು ಬಗ್ಗಿಸಿ, ಭುಜ ತಿರುಗಿಸಿ, ಮತ್ತೆ ನಡೆಯುವುದನ್ನು ಕಲಿಸುವ ಕೆಲಸದಲ್ಲಿ ನಿನ್ನದೇ ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದೀಯ. ಬಿಸಿನೀರಿನ ಶಾಖ ಕೊಟ್ಟುಕೊಳ್ಳಬೇಕಂತೆ; ಇದು ಅಮ್ಮನ ಆಜ್ಞೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ರಕ್ತದೊತ್ತಡ ಮಾತ್ರ ಅಮ್ಮನ ಮಾತಿನ ಹಾಗೆ, ಬೆಳಿಗ್ಗೆ ಒಂದು, ಸಂಜೆ ಒಂದು.

ನಿನ್ನ ಪತ್ರ ತಲುಪಿತು. ಆಶ್ರಮದ ಯಹೂದಿ ಅಜ್ಜಿಯ ಜೊತೆ ಶುಕ್ರವಾರದ ಸಂಜೆಗಳಲ್ಲಿ ಮೇಣದಬತ್ತಿ ಹಚ್ಚಿ ಕೂರುತ್ತಿದ್ದವಳು, ಆಮೇಲೆ ಪುಸ್ತಕ ಹಿಡಿದವಳು, ಕೊನೆಗೆ ಅವರ ಧರ್ಮಕ್ಕೇ ಸೇರುತ್ತೇನೆಂದು ರಬ್ಬಿಯ ಬಳಿ, ಅಂದರೆ ಅವರ ಧರ್ಮಗುರುವಿನ ಬಳಿ, ಹೋಗಿದ್ದೀಯ. ಅವರು ಕುರ್ಚಿಯನ್ನೂ ತೋರಿಸದೆ, "ಯಾಕಮ್ಮ ನಿನಗೆ ಈ ಉಸಾಬರಿ? ಇದ್ದಲ್ಲೇ ಒಳ್ಳೆಯವಳಾಗಿರು, ಹೋಗು" ಎಂದು ಕಳಿಸಿದ್ದಾರೆ. "ಇನ್ನು ಆ ಕಡೆ ತಲೆ ಹಾಕೋದಿಲ್ಲ ಅಪ್ಪ" ಎಂದು ನೀನು ಪತ್ರ ಮುಗಿಸಿದ್ದೀಯ. ಪೆನ್ನು ಎಷ್ಟು ಒತ್ತಿದ್ದೀಯೆಂದರೆ ಆ ಸಾಲು ಹಾಳೆಯ ಹಿಂಬದಿಯಲ್ಲಿ ಕೈಗೆ ತಗಲುತ್ತದೆ. ಓದಿದಾಗ ನನಗೆ ಮೊದಲು ಆದದ್ದು ಸಮಾಧಾನ. ಅದರ ಬೆನ್ನಿಗೇ, ಆ ಸಮಾಧಾನ ನಿನಗಾಗಿಯೋ ನನಗಾಗಿಯೋ ಎಂಬ ಅನುಮಾನ.

ನನಗೆ ದೇವರ ಮೇಲೆ ನಂಬಿಕೆಯೂ ಇಲ್ಲ, ಕೋಪವೂ ಇಲ್ಲ, ನಿನಗೆ ಗೊತ್ತಿರುವುದೇ. ಬಹುಶಃ ಅದಕ್ಕೇ ಎರಡನೇ ಮಹಡಿಯ ಪ್ರಾರ್ಥನೆಯ ಕೋಣೆಯ ಬೀಗದ ಕೈ ನನ್ನ ಬಳಿ ಇರುವುದು. ಎಲ್ಲ ಧರ್ಮದ ರೋಗಿಗಳಿಗೂ ಅದೊಂದೇ ಕೋಣೆ. ಹಾಗಾಗಿ ನಾನು ಧರ್ಮಗಳನ್ನು ಕುರ್ಚಿ ಮೇಜುಗಳ ಮೂಲಕ ತಿಳಿದುಕೊಂಡವನು. ಕ್ರೈಸ್ತರಿಗೆ ಕುರ್ಚಿ ಸಾಲಾಗಿರಬೇಕು. ಮುಸ್ಲಿಮರು ಬರುವ ಮೊದಲು ಕುರ್ಚಿ ಸರಿಸಿ ನೆಲ ಒರೆಸಿರಬೇಕು, ದಿಕ್ಕಿನ ಗುರುತು ಕಾಣಬೇಕು. ಬೌದ್ಧರಿಗೆ ಗೋಡೆ ಗಡಿಯಾರದ ಸದ್ದೂ ಆಗದು. ನಮ್ಮವರಿಗೆ ದೀಪ ಬೇಕು, ಹೊಗೆ ಕಂಡು ಅರಚುವ ಅಲಾರಮ್ಮನ್ನು ಸುಮ್ಮನಿರಿಸಲು ನಾನು ಬೇಕು. ಯಹೂದಿಗಳು ಕೇಳಿದ್ದು ಒಂದು ಮೇಜು. ಅದರ ಸುತ್ತ ಕೂತು ಗ್ರಂಥ ಬಿಚ್ಚಿ, ದೇವರ ಮಾತಿನ ಮೇಲೆಯೇ ಜಗಳವಾಡುತ್ತಾರೆ. ಮೊದಲ ಸಲ ಕೇಳಿದಾಗ ಬಿಡಿಸಲು ಓಡಿದ್ದೆ. ಅದೇ ಅವರ ಓದು ಎಂದು ನಕ್ಕರು.

ಒಬ್ಬನೇ ದೇವರು ಎನ್ನುವ ವಿಷಯದಲ್ಲಿ ಯಹೂದಿ, ಕ್ರೈಸ್ತ, ಮುಸ್ಲಿಮರು ಒಂದೇ ಮನೆಯ ದಾಯಾದಿಗಳು. ಯಹೂದಿಗಳು ಹಿರಿಯ ಪಾಲಿನವರು. ಕ್ರೈಸ್ತರಿಗೆ ಉದ್ಧಾರಕ ಬಂದಾಯಿತು, ಇವರು ಇನ್ನೂ ಕಾಯುತ್ತಿದ್ದಾರೆ. ಸತ್ತ ಮೇಲೆ ಏನು ಎಂದರೆ ನಮ್ಮವರು ಮುಂದಿನ ಜನ್ಮದವರೆಗೆ ಹೇಳುತ್ತಾರೆ. ಇವರು, ಅದು ಆಮೇಲೆ ನೋಡೋಣ, ಪಕ್ಕದ ಮಂಚದವನಿಗೆ ಊಟ ಬಂತಾ ಎಂದು ಕೇಳುತ್ತಾರೆ. ದಾನ ಎಲ್ಲರಲ್ಲೂ ಇದೆ: ಮುಸ್ಲಿಮರಿಗೆ ಕಟ್ಟಳೆ, ನಮಗೆ ಪುಣ್ಯ. ಇವರು ದಾನಕ್ಕೆ ಬಳಸುವ ಪದದಲ್ಲಿ ನ್ಯಾಯ ಎಂಬ ಅರ್ಥವಿದೆಯಂತೆ. ಒಳಗೆ ಬರುವ ದಾರಿಯೂ ಬೇರೆ ಬೇರೆ. ಕೆಲವರು ಕೈಹಿಡಿದು ಬಾ ಎನ್ನುತ್ತಾರೆ. ನಮ್ಮಲ್ಲಿ ಬಹಳ ಜನ, ಹುಟ್ಟಿ ಬಂದಿರಬೇಕು ಎನ್ನುತ್ತಾರೆ. ಇವರು ಹೋಗು ಎನ್ನುತ್ತಾರೆ. ಇದರ ಒಳಗುಟ್ಟು ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಅಮ್ಮನಿಂದ.

ಇಷ್ಟು ದಿನ ಅಮ್ಮ ಏನನ್ನುತ್ತಿದ್ದಳು ನೆನಪಿದೆಯಲ್ಲ: "ಹೆತ್ತು ಹೊತ್ತು ಸಾಕಿದ್ದು ಬೇರೆಯವರ ದೇವರಿಗೆ ಒಪ್ಪಿಸೋಕಾ?" ನಿನ್ನ ಪತ್ರ ಓದಿ ಹೇಳಿದಾಗ ಅವಳು ಖುಷಿಪಡುತ್ತಾಳೆಂದುಕೊಂಡೆ. ಅವಳು ಕೈಯಲ್ಲಿದ್ದ ಸೌಟನ್ನು ಒಲೆಯ ಪಕ್ಕ ಕುಕ್ಕಿ, "ನನ್ನ ಮಗಳನ್ನ ಬೇಡ ಅನ್ನೋಕೆ ಅವರ್ಯಾರ್ರೀ? ಏನು ಕಮ್ಮಿಯಾಗಿದೆ ಅವಳಿಗೆ? ಬೇಡ ಅನ್ನೋ ಹಕ್ಕು ನಂದು!" ಎಂದಳು. ಒಲೆಯ ಮೇಲಿದ್ದದ್ದು ಸೀದು ಹೋಯಿತು. ಅದಕ್ಕೂ ಬೈಗುಳ ಯಹೂದಿಗಳಿಗೇ.

ಬುಧವಾರಗಳಂದು ನಮ್ಮ ಆಸ್ಪತ್ರೆಗೆ ಒಬ್ಬ ಮುದಿ ರಬ್ಬಿ ರೋಗಿಗಳನ್ನು ನೋಡಲು ಬರುತ್ತಾರೆ. ನಾವೆಲ್ಲ ಅವರನ್ನು ಗಡ್ಡದಜ್ಜ ಎನ್ನುತ್ತೇವೆ. ನಿನ್ನೆ ಅವರು ಪ್ರಾರ್ಥನೆಯ ಕೋಣೆಯಲ್ಲಿ ಒಬ್ಬರೇ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ, ಇದಕ್ಕೆಂದೇ ನನ್ನ ಜೊತೆ ಆಸ್ಪತ್ರೆಗೆ ಬಂದಿದ್ದ ಅಮ್ಮ ನುಗ್ಗಿದಳು. ನಾನು ಬಾಗಿಲಲ್ಲಿ, ಬೀಗ ರಿಪೇರಿ ಮಾಡುವವನಂತೆ. "ಸ್ವಾಮಿ, ನಿಮ್ಮವರು ನನ್ನ ಮಗಳನ್ನ ವಾಪಸ್ ಕಳಿಸಿದ್ದಾರೆ" ಎಂದಳು. ಅಜ್ಜ ಕನ್ನಡಕ ಏರಿಸಿ, "ಎಷ್ಟು ಸಲ?" ಎಂದರು. "ಎಷ್ಟು ಸಲ ಅಂದ್ರೆ? ಒಂದು ಸಲ!" ಅಜ್ಜನ ಮುಖ ಅರಳಿತು. "ಒಂದೇ ಸಲಾನಾ? ಹಾಗಾದ್ರೆ ಅವಳಿನ್ನೂ ಕೇಳೇ ಇಲ್ಲ ತಾಯಿ."

ಸೇರುತ್ತೇನೆಂದು ಬಂದವರನ್ನು ಮೊದಲು ತಿರುಗಿಸಿ ಕಳಿಸುವುದು ಅವರ ಹಳೆಯ ಪದ್ಧತಿ. ಮೂರು ಸಲ ಕಳಿಸುವವರೂ ಇದ್ದಾರಂತೆ. ಒಳ್ಳೆಯ ಮನುಷ್ಯರಾಗಲು ಯಹೂದಿಯಾಗಬೇಕಿಲ್ಲ, ಒಳಗೆ ಬಂದರೆ ಹೊರೆ ಹೆಚ್ಚು, ಹೊರಗೆ ದ್ವೇಷಿಸುವವರೂ ಇದ್ದಾರೆ. ಇದೆಲ್ಲ ತಿಳಿದೂ ಮತ್ತೆ ಬರುತ್ತಾರೋ ನೋಡಬೇಕು ಎಂದು ಅಜ್ಜ ವಿವರಿಸಿದರು. ನೀನು ಇದನ್ನು ಪುಸ್ತಕದಲ್ಲಿ ಓದಿಯೇ ಇರುತ್ತೀಯ. ಆದರೆ ಮುಖಕ್ಕೆ ಹೋಗು ಎಂದಾಗ ನಿನ್ನ ಕಿವಿಯಲ್ಲಿ ಮಾತಾಡಿದ್ದು ಪುಸ್ತಕವಲ್ಲ, ನಮ್ಮ ಮನೆ. "ಬೇಡ ಅಂದ ಬಾಗಿಲಲ್ಲಿ ಎರಡನೇ ಸಲ ನಿಲ್ಲಬೇಡ" ಎಂದು ನನ್ನ ಅಪ್ಪ ನನಗೆ ಕಲಿಸಿದರು, ನಾನು ನಿನಗೆ ದಾಟಿಸಿದೆ. ಸ್ವಾಭಿಮಾನವೇ ನಮ್ಮ ಕುಲದೇವರು. ಅದರ ಭಕ್ತಿಯಲ್ಲಿ ನೀನು ತಿರುಗಿ ಬಂದೆ.

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ದನಿ ಇಳಿದಿತ್ತು. "ಸೇರಿದ ಮೇಲೆ ನಾವು ಅವಳಿಗೆ ಯಾರೂ ಅಲ್ವಾ?" ಗಡ್ಡದಜ್ಜ ತಮ್ಮ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. ಆಮೇಲೆ, "ತಂದೆ ತಾಯಿನ ಗೌರವಿಸು ಅನ್ನೋದು ನಮ್ಮ ಹತ್ತು ಆಜ್ಞೆಗಳಲ್ಲಿ ಒಂದು. ಹೊರಗಿನಿಂದ ಬಂದವರು ಹೆತ್ತವರನ್ನ ಬಿಟ್ಟುಬಿಡಬೇಕು ಅಂತ ಎಲ್ಲೂ ಇಲ್ಲ" ಎಂದರು. ಅಮ್ಮ ಬಿಡುವವಳಲ್ಲ. "ನಮ್ಮನೇಲಿ ಊಟ ಮಾಡ್ತಾಳಾ?" ಅಜ್ಜ ಗಡ್ಡ ಕೆರೆದುಕೊಂಡರು. "ಅದು ಸ್ವಲ್ಪ ಕಷ್ಟ. ಮಾಂಸಕ್ಕೆ ಬೇರೆ, ಹಾಲಿಗೆ ಬೇರೆ ಪಾತ್ರೆ ಇರಬೇಕು. ಅದನ್ನ ಇದಕ್ಕೆ ಮುಟ್ಟಿಸೋ ಹಾಗಿಲ್ಲ." ಅಮ್ಮ ನನ್ನ ಕಡೆ ತಿರುಗಿದಳು, ಗೆದ್ದವಳ ಹಾಗೆ. "ಇಷ್ಟೇನಾ? ನಮ್ಮತ್ತೆಗಿಂತ ವಾಸಿ! ಅವರ ಪಾತ್ರೆ ಹತ್ತಿರ ನನ್ನ ಸೆರಗಿನ ಗಾಳಿ ಸುಳಿದರೂ ಮತ್ತೆ ತೊಳೆಸ್ತಿದ್ರು. ಆ ಮನೇಲೇ ಬಾಳ್ವೆ ಮಾಡಿದೀನಿ, ಇದೇನು ಮಹಾ!" ಗಡ್ಡದಜ್ಜ ನಕ್ಕು ನಕ್ಕು ಕೆಮ್ಮಿದರು; ನಾನು ನೀರು ತಂದುಕೊಟ್ಟೆ. ನನ್ನ ತಾಯಿಯ ಮಡಿ ಹೀಗೆ ಯಾರಿಗೋ ದಾರಿಯಾದೀತೆಂದು ನಾನು ನೆನೆಸಿರಲಿಲ್ಲ.

ನೀನು ಸೇರಬೇಕು ಎಂದು ನಾನು ಹೇಳುತ್ತಿಲ್ಲ. ನಿನಗೆ ಒಳಗೆ ಕಂಡದ್ದೇನೆಂದು ನನಗೆ ಇಂದಿಗೂ ತಿಳಿಯದು. ನಾನು ಮೇಜು ಜೋಡಿಸುವವನು. ಆದರೆ ಬಿಡುವುದಾದರೆ ಅದು ನಿನಗೆ ಬೇಡವಾಗಿ ಬಿಟ್ಟದ್ದಾಗಿರಲಿ, ಅವಮಾನವಾಯಿತೆಂದಲ್ಲ. ನಮ್ಮ ಮನೆಯ ಆ ಮಾತನ್ನು ನನ್ನ ಪಾಲಿಗೆ ನಾನು ಹಿಂತೆಗೆದುಕೊಂಡಿದ್ದೇನೆ. ಆಶ್ರಮದ ಅಜ್ಜಿಗೆ ನಮ್ಮ ನಮಸ್ಕಾರ ಹೇಳು. ಸೊಂಟ ಜೋಪಾನ. ಎಲ್ಲಿದ್ದರೂ ತಲೆ ಎತ್ತಿ ಬಾಳು ಮಗಳೇ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಅಮ್ಮನ ಫೋನು. ಭಾನುವಾರದ ರೈಲಿಗೆ ಟಿಕೆಟ್ ತೆಗೆಸಿದ್ದಾಳೆ. ಎರಡನೇ ಸಲ ನೀನು ಹೋಗುವಾಗ ಜೊತೆಗೆ ಬರುತ್ತಾಳಂತೆ. "ನಾನು ಹೊರಗೆ ಬೆಂಚಿನ ಮೇಲೆ ಸುಮ್ಮನೆ ಕೂತಿರ್ತೀನಿ" ಎನ್ನುತ್ತಾಳೆ. ಸುಮ್ಮನೆ ಎಂಬುದನ್ನು ನಂಬಬೇಡ. ನೀನು ಹೊರಡದಿದ್ದರೆ ಅವಳೊಬ್ಬಳೇ ಹೋಗಿ ಮೂರು ಸಲವಲ್ಲ, ಮುನ್ನೂರು ಸಲ ಬಾಗಿಲು ಬಡಿಯುತ್ತಾಳೆ. ಅವರು ಸೋತು ಅವಳನ್ನೇ ಸೇರಿಸಿಕೊಂಡುಬಿಟ್ಟರೆ ನನ್ನ ಗತಿ ಏನು? ಬೇಗ ಉತ್ತರ ಬರೆ.